ಮಂಡಿ ಕಲಿಸಿದ ಭೌತಶಾಸ್ತ್ರ

ಯಾವ ಕಾಲೇಜಿನ ಮೈದಾನದ ಅಂಚಿಗೆ ಹೋಗಿ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: 'ನಾನೂ ಚೆನ್ನಾಗಿ ಆಡ್ತಿದ್ದೆ, ಮಂಡಿ ಹೋಯ್ತು, ಬಿಟ್ಟೆ.' ಕಬಡ್ಡಿಯವರು ಹೇಳುತ್ತಾರೆ, ವಾಲಿಬಾಲ್‌ನವರು ಹೇಳುತ್ತಾರೆ. ವೇಗದ ಬೌಲಿಂಗ್ ಮಾಡುತ್ತಿದ್ದವರು ಮಂಡಿಯ ಬದಲು ಬೆನ್ನು ಎನ್ನುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ. ಮಂಡಿ ಯಾಕೆ ಹೋಯಿತು, ಅದೇ ಮೈದಾನದಲ್ಲಿ ಅದೇ ಆಟ ಆಡಿದ ಇನ್ನೊಬ್ಬರದು ಯಾಕೆ ಹೋಗಲಿಲ್ಲ ಎಂದು ಕೇಳುವವರು ಕಡಿಮೆ.

ಈ 'ಯಾಕೆ'ಗೆ ಉತ್ತರ ಹುಡುಕುವ ವಿಜ್ಞಾನವೊಂದಿದೆ. ಅದರ ಹೆಸರು ಬಯೋಮೆಕ್ಯಾನಿಕ್ಸ್. ಸೇತುವೆ, ಕ್ರೇನು, ಎಂಜಿನ್‌ಗಳಿಗೆ ಅನ್ವಯಿಸುವ ಬಲ, ವೇಗ, ಸಮತೋಲನದ ನಿಯಮಗಳನ್ನೇ ಮನುಷ್ಯನ ಮೂಳೆ, ಕೀಲು, ಸ್ನಾಯುಗಳಿಗೆ ಅನ್ವಯಿಸಿ ನೋಡುವ ಶಾಸ್ತ್ರ ಇದು. ನಾನು ದೈಹಿಕ ಶಿಕ್ಷಣ ಕಾಲೇಜೊಂದರಲ್ಲಿ ಈ ವಿಷಯದ ಅತಿಥಿ ಉಪನ್ಯಾಸಕಿ. ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಯಿಂದ ಬಂದ ನನಗೆ ಪದವಿ ಸೇರುವಾಗ ಇಂಥದ್ದೊಂದು ವಿಷಯ ಇದೆ ಎಂದೇ ತಿಳಿದಿರಲಿಲ್ಲ. ತಿಳಿಸಿದ್ದು ನನ್ನ ಎಡಮಂಡಿ.

ಯಾರೂ ಮುಟ್ಟಲಿಲ್ಲ, ಆದರೂ ಬಿದ್ದೆ

ಅದು 2014. ನಾನಾಗ ದ್ವಿತೀಯ ಬಿ.ಎಸ್ಸಿ, ಪಿಸಿಎಂ. ಅಂತರ ಕಾಲೇಜು ಕೊಕ್ಕೊ ಟೂರ್ನಿಯ ಸೆಮಿಫೈನಲ್‌ನಲ್ಲಿ ಚೇಸಿಂಗ್ ಮಾಡುತ್ತಿದ್ದೆ. ಕಂಬ ಹಿಡಿದು ತಿರುಗುವಾಗ ಎಡಪಾದ ನೆಲಕ್ಕೆ ಕಚ್ಚಿಕೊಂಡಿತು. ಮೈ ಮಾತ್ರ ಆಗಲೇ ತಿರುಗಿಬಿಟ್ಟಿತ್ತು. ಮಂಡಿಯೊಳಗೆ 'ಟಕ್' ಎಂದ ಸದ್ದು ನನಗಷ್ಟೇ ಕೇಳಿಸಿತು. ಹತ್ತಿರದಲ್ಲಿ ಎದುರಾಳಿ ಇರಲಿಲ್ಲ, ಯಾರೂ ನನ್ನನ್ನು ತಳ್ಳಿರಲಿಲ್ಲ. ಸಂಜೆಯ ಹೊತ್ತಿಗೆ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು.

ಮೊದಲು ತೋರಿಸಿದ ಕಡೆ ಎಕ್ಸ್‌ರೇ ತೆಗೆದು 'ಮೂಳೆ ಮುರಿದಿಲ್ಲ, ಉಳುಕು, ಹದಿನೈದು ದಿನ ರೆಸ್ಟ್' ಎಂದರು. ಊರಲ್ಲಿ ನಾಟಿ ಕಟ್ಟು ಕಟ್ಟಿಸಿದೆವು. ಊತ ಇಳಿಯಿತು. ನೇರ ನಡೆದರೆ ತೊಂದರೆಯಿಲ್ಲ, ಆದರೆ ಬಸ್ಸಿನಿಂದ ಇಳಿದು ಪಕ್ಕಕ್ಕೆ ತಿರುಗಿದರೆ ಮಂಡಿ ಕಳಚಿಕೊಂಡಂತಾಗುತ್ತಿತ್ತು. ಎರಡು ತಿಂಗಳ ಮೇಲೆ ಬೇರೊಂದು ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು: ಎಸಿಎಲ್ ಪೂರ್ತಿ ಹರಿದಿದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಅಸ್ಥಿರಜ್ಜು ಕಾಣುವುದಿಲ್ಲ. ಆಟವಾಡುವ ಪ್ರತಿಯೊಬ್ಬರೂ ಇದೊಂದನ್ನು ನೆನಪಿಟ್ಟುಕೊಳ್ಳಬೇಕು. 'ಟಕ್' ಎಂಬ ಸದ್ದು, ಕೆಲವೇ ಗಂಟೆಯಲ್ಲಿ ಊತ, ತಿರುಗುವಾಗ ಮಂಡಿ ಜಾರಿದ ಅನುಭವ ಇವು ಮೂರೂ ಇದ್ದರೆ ಎಕ್ಸ್‌ರೇ ಸರಿಯಿದೆ ಎಂದು ಸುಮ್ಮನಾಗದೆ ಮೂಳೆ ತಜ್ಞರಿಗೆ ತೋರಿಸಿ.

ಆಪರೇಷನ್ ಆಗಬೇಕೆಂದರು. ಆ ವರ್ಷದ ಕಬ್ಬಿನ ಬಿಲ್ಲು ಕಾರ್ಖಾನೆಯಿಂದ ಬಂದಿರಲಿಲ್ಲ. ಅಪ್ಪ ದಿನಾ ಸಂಜೆ ಬಂದು ನನ್ನ ಕಾಲ ಬಳಿ ಕೂತು, 'ಆಡಿದ್ದು ಸಾಕು ಕಣವ್ವ, ಕಾಲು ನೆಟ್ಟಗಿದ್ರೆ ಅಷ್ಟೇ ಸಾಕು' ಎನ್ನುತ್ತಿದ್ದರು. ಅವ್ವನದು ಬೇರೆಯೇ ಚಿಂತೆ. 'ಕುಂಟೋ ಹೆಣ್ಣು ಅಂತ ಒಂದ್ಸಲ ಹೆಸರು ಬಿದ್ರೆ ಯಾರವ್ವ ಬತ್ತಾರೆ ಕೇಳಕ್ಕೆ?' ಬಿಲ್ಲು ಬಂದದ್ದು ಮಾರ್ಚ್‌ನಲ್ಲಿ. ಅದೇ ತಿಂಗಳು ತೊಡೆಯ ಹಿಂಭಾಗದ ಸ್ನಾಯುರಜ್ಜುವಿನಿಂದ ಒಂದು ಎಳೆ ತೆಗೆದು ಮಂಡಿಯೊಳಗೆ ಹೊಸ ಅಸ್ಥಿರಜ್ಜು ಕಟ್ಟಿದರು.

ಕನ್ನಡಿ ಮುಂದೆ ಒಂಟಿ ಕಾಲು

ನನ್ನ ದಿಕ್ಕು ತಿರುಗಿದ್ದು ಆಪರೇಷನ್ ಕೋಣೆಯಲ್ಲಲ್ಲ, ಫಿಸಿಯೊಥೆರಪಿ ಕೋಣೆಯಲ್ಲಿ. ನಾಲ್ಕನೇ ತಿಂಗಳಲ್ಲಿ ಫಿಸಿಯೊ ಮೇಡಂ ನನ್ನನ್ನು ದೊಡ್ಡ ಕನ್ನಡಿ ಮುಂದೆ ನಿಲ್ಲಿಸಿ, ಆಪರೇಷನ್ ಆಗದ ಬಲಗಾಲಿನ ಮೇಲೆ ಒಂಟಿಯಾಗಿ ನಿಂತು ಅರ್ಧ ಕುಕ್ಕರಿಸಲು ಹೇಳಿದರು. 'ಮಂಡಿ ಎಲ್ಲಿಗೆ ಹೋಗ್ತಿದೆ ನೋಡಮ್ಮ.' ನೋಡಿದೆ. ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲುತ್ತಿತ್ತು. 'ಇದು ಒಳ್ಳೇ ಕಾಲು. ಇದೇ ಹೀಗಿದ್ರೆ ಆ ಕಾಲು ಹೇಗಿತ್ತು ಅಂತ ಯೋಚನೆ ಮಾಡು' ಎಂದರು. ಔಷಧ ಚೀಟಿಯ ಹಿಂದೆ ಒಂದು ಚಿತ್ರ ಬರೆದರು: ಸೊಂಟದಿಂದ ಪಾದಕ್ಕೆ ಒಂದು ಗೆರೆ, ನೆಲದಿಂದ ಮೇಲಕ್ಕೆ ಒಂದು ಬಾಣ, ಮಂಡಿಗೂ ಬಾಣಕ್ಕೂ ನಡುವೆ ಒಂದು ಚಿಕ್ಕ ಅಂತರ. ಆ ಬಾಣ ಬಲ, ಆ ಅಂತರ ದೂರ. ಬಲವನ್ನು ದೂರದಿಂದ ಗುಣಿಸಿದರೆ ಟಾರ್ಕ್. ಪರೀಕ್ಷೆಗೆಂದು ಓದಿದ್ದ ಸೂತ್ರ ನನ್ನದೇ ಮಂಡಿಯ ಪಕ್ಕದಲ್ಲಿ ಬಂದು ಕೂತಿತ್ತು.

ಎಸಿಎಲ್ ಎಂಬುದು ತೊಡೆಮೂಳೆ ಮತ್ತು ಕಣಕಾಲಿನ ಮೂಳೆಯ ನಡುವೆ, ಮಂಡಿಯ ಒಳಗಡೆ ಓರೆಯಾಗಿ ಹಾದುಹೋಗುವ ಗಟ್ಟಿ ಪಟ್ಟಿ. ಕಣಕಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮಿತಿಮೀರಿ ತಿರುಚದಂತೆ ಅದು ಹಿಡಿದಿಡುತ್ತದೆ. ಪಾದ ನೆಲಕ್ಕೆ ಊರಿದೆ, ಮಂಡಿ ಹೆಚ್ಚು ಬಾಗಿಲ್ಲ, ಒಳಕ್ಕೆ ವಾಲಿದೆ, ಮೇಲಿನ ದೇಹ ತಿರುಗುತ್ತಿದೆ. ಈ ನಾಲ್ಕೂ ಒಟ್ಟಿಗೆ ಸೇರಿದಾಗ ಆ ಪಟ್ಟಿಯ ಮೇಲೆ ತಡೆಯಲಾರದ ಎಳೆತ ಬೀಳುತ್ತದೆ. ಈ ಗಾಯಗಳಲ್ಲಿ ಬಹುಪಾಲು ಇನ್ನೊಬ್ಬರ ಡಿಕ್ಕಿಯಿಂದ ಆಗುವುದಿಲ್ಲ. ಹಠಾತ್ತನೆ ದಿಕ್ಕು ಬದಲಿಸುವಾಗ, ಹಾರಿ ಇಳಿಯುವಾಗ ಆಗುತ್ತವೆ. ಪಾದ ನೆಲ ತಾಗಿದ ಸುಮಾರು 50 ಮಿಲಿಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಆ ಕ್ಷಣದಲ್ಲಿ ಯೋಚಿಸಿ ಕಾಲು ಸರಿಪಡಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ದೇಹಕ್ಕೆ ಮೊದಲೇ ಅಭ್ಯಾಸ ಆಗಿರಬೇಕು.

ಒಂದೇ ಬಗೆಯ ಆಟ ಆಡುವ ಹುಡುಗರಿಗಿಂತ ಹುಡುಗಿಯರಲ್ಲಿ ಈ ಗಾಯ ಎರಡು–ಮೂರು ಪಟ್ಟು ಹೆಚ್ಚು. ಸೊಂಟದ ರಚನೆ, ಸ್ನಾಯುಗಳು ಕೆಲಸ ಮಾಡುವ ಕ್ರಮ, ಹಾರ್ಮೋನು ಹೀಗೆ ಕಾರಣಗಳನ್ನು ಹಲವರು ಹಲವು ರೀತಿ ವಿವರಿಸುತ್ತಾರೆ. ನಮ್ಮ ಕಡೆ ಇನ್ನೊಂದು ಕಾರಣ ಕಣ್ಣಿಗೆ ಕಾಣುತ್ತದೆ: ಹುಡುಗಿಯರಿಗೆ ತೂಕ ಎತ್ತಿಸಿ ಕಾಲು ಗಟ್ಟಿ ಮಾಡಿಸುವ ರೂಢಿಯೇ ಇಲ್ಲ. 'ಓಡು, ಇನ್ನೂ ಓಡು' ಎನ್ನುವುದೇ ತರಬೇತಿ.

ಚೆಂಡು ಹಿಡಿಯುವ ಕೈ, ನೆಲಕ್ಕಿಳಿಯುವ ಕಾಲು

ನಾನು ಪಾಠ ಶುರುಮಾಡುವುದು ಒಂದು ಲೆಕ್ಕದಿಂದ. 48 ಕೆ.ಜಿ. ತೂಕದ ಹುಡುಗಿ 30 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಕೆಳಕ್ಕೆ ಇಳಿಯುತ್ತಾಳೆ. ನೆಲ ತಾಗುವ ಹೊತ್ತಿಗೆ ಅವಳ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್. ಮಂಡಿ ಸೆಟೆದು ಇಳಿದು 0.05 ಸೆಕೆಂಡಿನಲ್ಲಿ ನಿಂತರೆ ನೆಲ ಅವಳನ್ನು ಮೇಲಕ್ಕೆ ತಳ್ಳುವ ಸರಾಸರಿ ಬಲ ಅವಳ ತೂಕದ ಸುಮಾರು 6 ಪಟ್ಟು. ಸೊಂಟ, ಮಂಡಿ, ಹರಡು ಮೂರನ್ನೂ ಬಗ್ಗಿಸಿ 0.2 ಸೆಕೆಂಡು ತೆಗೆದುಕೊಂಡು ನಿಂತರೆ ಅದೇ ಬಲ ತೂಕದ ಎರಡೂಕಾಲು ಪಟ್ಟಿಗೆ ಇಳಿಯುತ್ತದೆ. ಹುಡುಗಿ ಅವಳೇ, ಪೆಟ್ಟಿಗೆಯೂ ಅದೇ. ಬದಲಾದದ್ದು ನಿಲ್ಲಲು ತೆಗೆದುಕೊಂಡ ಸಮಯ ಮಾತ್ರ.

ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಕಾಲಿಗೂ ಅದೇ ನಿಯಮ ಎಂದರೆ ತರಗತಿ ತಲೆದೂಗುತ್ತದೆ. ನ್ಯೂಟನ್ನನ ಎರಡನೇ ನಿಯಮವನ್ನು ಅವರು ಶಾಲೆಯಿಂದಲೂ ಕೇಳಿದ್ದಾರೆ. ತಮ್ಮ ಮಂಡಿಗೆ ಅದು ಸಂಬಂಧಪಟ್ಟದ್ದು ಎಂದು ಯಾರೂ ಹೇಳಿಲ್ಲ ಅಷ್ಟೆ.

ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕಲಾ ವಿಭಾಗದಿಂದ, ಕನ್ನಡ ಮಾಧ್ಯಮದಿಂದ ಬಂದವರು. ಪಠ್ಯಪುಸ್ತಕಗಳು ಬಹುತೇಕ ಇಂಗ್ಲಿಷಿನವು. ಸನ್ನೆಗಳಲ್ಲಿ ಮೂರು ವರ್ಗ ಎಂದು ಬೋರ್ಡಿನ ಮೇಲೆ ಬರೆದರೆ ಮುಖಗಳು ಬಾಡುತ್ತವೆ. ಅದಕ್ಕೆ ನಾನು ತಕ್ಕಡಿ, ಒಂಟಿಚಕ್ರದ ಕೈಗಾಡಿ, ಒಲೆಯ ಇಕ್ಕಳ ಎಂದು ಹೇಳುತ್ತೇನೆ. ತಕ್ಕಡಿಯಂತೆ ಕೆಲಸ ಮಾಡುವುದು ಕುತ್ತಿಗೆ. ತುದಿಗಾಲಲ್ಲಿ ನಿಂತ ಪಾದವನ್ನು ಕೈಗಾಡಿಗೆ ಹೋಲಿಸುತ್ತಾರೆ. ಇಕ್ಕಳದಂತೆ ಕೆಲಸ ಮಾಡುವುದು ಮೊಣಕೈ. ಅಂಗೈಯಲ್ಲಿ 5 ಕೆ.ಜಿ. ಹಿಡಿದರೆ, ಅದು ಮೊಣಕೈಯಿಂದ ಸುಮಾರು 35 ಸೆಂ.ಮೀ. ದೂರ. ತೋಳಿನ ಸ್ನಾಯು ಹಿಡಿದಿರುವುದು ಬರೀ 4–5 ಸೆಂ.ಮೀ. ದೂರದಲ್ಲಿ. ಹಾಗಾಗಿ ಆ ಸ್ನಾಯು ಏಳೆಂಟು ಪಟ್ಟು ಹೆಚ್ಚು ಬಲ ಹಾಕಬೇಕು. ಈ ನಷ್ಟಕ್ಕೆ ಬದಲಾಗಿ ಸಿಗುವುದು ವೇಗ. ಸ್ನಾಯು ಸ್ವಲ್ಪ ಕುಗ್ಗಿದರೆ ಅಂಗೈ ಬಹುದೂರ ಚಲಿಸುತ್ತದೆ. ನಾವು ಚೆಂಡು ಎಸೆಯಬಲ್ಲೆವಾದರೆ ಅದಕ್ಕೆ ಇದೇ ಕಾರಣ.

ಒಮ್ಮೆ ಒಬ್ಬ ಹುಡುಗ ಕೇಳಿದ: 'ಮೇಡಂ, ನಮ್ಮವ್ವ ಹುಲ್ಲಿನ ಹೊರೆ ತಲೆ ಮೇಲೆ ಹೊತ್ರೆ ಬೆನ್ನು ನೋವಿಲ್ಲ ಅಂತಾರೆ. ಬಿಂದಿಗೆ ಬಗ್ಗಿ ಎತ್ತಿದ್ರೆ ನೋವು ಅಂತಾರೆ. ಯಾಕೆ?' ಉತ್ತರ ಅದೇ ಸನ್ನೆ. ತಲೆಯ ಮೇಲಿನ ಹೊರೆಯ ಭಾರ ಬೆನ್ನುಮೂಳೆಯ ನೇರಕ್ಕೆ ಇಳಿಯುತ್ತದೆ. ಮುಂದಕ್ಕೆ ಬಾಗಿ ಕೈಚಾಚಿ ಎತ್ತಿದ ಭಾರ ಬೆನ್ನುಮೂಳೆಯಿಂದ 40 ಸೆಂ.ಮೀ. ದೂರವಿದ್ದರೆ, ಬೆನ್ನಿನ ಸ್ನಾಯುಗಳಿಗೆ ಸಿಗುವ ಹಿಡಿತ ಸುಮಾರು 5 ಸೆಂ.ಮೀ. ಅಂದರೆ 10 ಕೆ.ಜಿ. ಬಿಂದಿಗೆಗೆ ಬೆನ್ನು 80 ಕೆ.ಜಿ.ಗೆ ಸಮನಾದ ಬಲ ಹಾಕಬೇಕು, ಬಾಗಿದ ದೇಹದ ಭಾರ ಬೇರೆ. ಮುಂದಿನ ವಾರ ಅವನು ಬಂದು ಹೇಳಿದ, 'ಬಿಂದಿಗೆ ಹೊಟ್ಟೆಗೆ ಒತ್ತಿಕೊಂಡು ಎತ್ತು ಅಂದೆ ಮೇಡಂ, ಅವ್ವ ಹಂಗೇ ಮಾಡ್ತಾವ್ರೆ.' ಆ ದಿನದ ಖುಷಿಗೆ ಟ್ರೋಫಿ ಹೋಲಿಕೆಯಲ್ಲ.

ಕುದುರೆಯಿಂದ ಜಾವೆಲಿನ್‌ವರೆಗೆ

ಬಯೋಮೆಕ್ಯಾನಿಕ್ಸ್ ಹೊಸ ಫ್ಯಾಷನ್ ಅಲ್ಲ. ಇಟಲಿಯ ಬೊರೆಲ್ಲಿ ಪ್ರಾಣಿಗಳ ಚಲನೆಯ ಬಗ್ಗೆ ಬರೆದ ಪುಸ್ತಕ ಪ್ರಕಟವಾಗತೊಡಗಿದ್ದು 1680ರಲ್ಲಿ. ಸ್ನಾಯುಗಳನ್ನು ಸನ್ನೆಗಳೆಂದು ಲೆಕ್ಕ ಹಾಕಿದವನು ಅವನು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಸಾಲಾಗಿ ಕ್ಯಾಮೆರಾ ಇಟ್ಟು ಓಡುವ ಕುದುರೆಯ ಚಿತ್ರ ತೆಗೆದ. ನಾಗಾಲೋಟದಲ್ಲಿ ನಾಲ್ಕೂ ಗೊರಸುಗಳು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂಬುದು ಆಗ ಖಚಿತವಾಯಿತು. ಬರಿಗಣ್ಣಿಗೆ ಕಾಣದ್ದನ್ನು ಕ್ಯಾಮೆರಾ ತೋರಿಸಿತು. ಇವತ್ತು ಪ್ರಯೋಗಾಲಯಗಳಲ್ಲಿ ದೇಹಕ್ಕೆ ಹೊಳೆಯುವ ಚಿಕ್ಕ ಗುಂಡುಗಳನ್ನು ಅಂಟಿಸಿ, ಹತ್ತಾರು ಕ್ಯಾಮೆರಾಗಳಿಂದ ಚಿತ್ರೀಕರಿಸಿ, ನೆಲದಲ್ಲಿ ಹುದುಗಿಸಿದ ಫೋರ್ಸ್ ಪ್ಲೇಟ್‌ನಿಂದ ಬಲ ಅಳೆಯುವುದೂ ಅದರ ಮುಂದುವರಿಕೆಯೇ.

ಕ್ರಿಕೆಟ್ ನೋಡುವವರಿಗೆ ಮುತ್ತಯ್ಯ ಮುರಳೀಧರನ್ ವಿವಾದ ಗೊತ್ತು. ಬೌಲಿಂಗ್ ವೇಳೆ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗಬಾರದು ಎಂಬ ಈಗಿನ ಐಸಿಸಿ ನಿಯಮ ಬಂದದ್ದೇ ಪ್ರಯೋಗಾಲಯದ ಅಳತೆಗಳಿಂದ. ಶುದ್ಧ ಶೈಲಿ ಎನ್ನಿಸಿಕೊಂಡ ಬೌಲರುಗಳ ಮೊಣಕೈಯೂ ಕೆಲವು ಡಿಗ್ರಿ ನೇರವಾಗುತ್ತದೆ ಎಂಬುದು ಅಳೆದಾಗಲೇ ತಿಳಿದದ್ದು. ಚೆನ್ನೈನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿ ಐಸಿಸಿ ಮಾನ್ಯತೆಯ ಇಂಥ ಪರೀಕ್ಷಾ ಕೇಂದ್ರವಿದೆ.

ಇನ್ನೊಂದು ಉದಾಹರಣೆ ನಮ್ಮ ರಾಜ್ಯಕ್ಕೂ ಸಂಬಂಧಿಸಿದ್ದು. 2019ರಲ್ಲಿ ನೀರಜ್ ಚೋಪ್ರಾ ಅವರ ಬಲ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು. ಜಾವೆಲಿನ್ ಎಸೆಯುವವನಿಗೆ ಅದು ಬದುಕಿನ ಪ್ರಶ್ನೆ. ಆಮೇಲೆ ಅವರು ಚೇತರಿಸಿಕೊಂಡ ಸ್ಥಳಗಳಲ್ಲಿ ಬಳ್ಳಾರಿ ಜಿಲ್ಲೆಯ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಒಂದು. ಆ ಅವಧಿಯಿಂದ ಅವರಿಗೆ ಕೋಚ್ ಆದವರು ಜರ್ಮನಿಯ ಕ್ಲಾಸ್ ಬಾರ್ಟೋನಿಟ್ಜ್. ಅವರು ಬಯೋಮೆಕ್ಯಾನಿಕ್ಸ್ ತಜ್ಞ. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರ್ ದೂರಕ್ಕೆ ಹೋದ ಆ ಎಸೆತದ ಹಿಂದೆ ಕಾಲು, ಸೊಂಟ, ಭುಜ, ಮೊಣಕೈ ಯಾವ ಕ್ರಮದಲ್ಲಿ ಬಲ ದಾಟಿಸಬೇಕೆಂಬ ಲೆಕ್ಕವೂ ಇತ್ತು.

ಲ್ಯಾಬ್ ಇಲ್ಲದಾಗ ಮೊಬೈಲ್

ಬಿ.ಎಸ್ಸಿ ಮುಗಿದ ಮೇಲೆ ಎಲ್ಲರೂ ಎಂ.ಎಸ್ಸಿ ಅಥವಾ ಬಿ.ಎಡ್ ಎಂದರು. ನಾನು 2016ರಲ್ಲಿ ಬಿ.ಪಿ.ಎಡ್‌ಗೆ ಅರ್ಜಿ ಹಾಕಿದೆ. ಅದಕ್ಕೆ ದೈಹಿಕ ಕ್ಷಮತೆಯ ಪರೀಕ್ಷೆ ಇರುತ್ತದೆ. ಆಪರೇಷನ್ ಆದ ಕಾಲಿನಲ್ಲಿ ಓಡಿ, ಹಾರಿ ತೋರಿಸಬೇಕು. ಅಪ್ಪನಿಗೆ ಹೇಳಿದಾಗ ಸುಮಾರು ಹೊತ್ತು ಮಾತಾಡಲಿಲ್ಲ. ಕೊನೆಗೆ, 'ಡಾಕ್ಟ್ರು ಆಗಬೋದು ಅಂದ್ರೆ ಹೋಗು' ಎಂದರು. ಬರಿಯ ಬಾಯಿಮಾತಲ್ಲ, ಫಿಸಿಯೊ ಮೇಡಂ ಬಳಿ ಹೋಗಿ ಎರಡೂ ಕಾಲಿನ ಒಂಟಿ ಜಿಗಿತ ಅಳೆಸಿಕೊಂಡು ಬಂದೆ. ಗಾಯವಾದ ಕಾಲು ಇನ್ನೊಂದರ ಶೇ 90ರಷ್ಟಾದರೂ ದೂರ ಜಿಗಿಯಬೇಕು ಎಂಬುದು ಆಟಕ್ಕೆ ಮರಳುವ ಮುನ್ನ ಸಾಮಾನ್ಯವಾಗಿ ನೋಡುವ ಅಳತೆಗಳಲ್ಲೊಂದು. ನನ್ನದು ಅದನ್ನು ದಾಟಿತ್ತು. ಅಪ್ಪನಿಗೆ ಆ ಚೀಟಿ ತೋರಿಸಿದೆ.

ಬಿ.ಪಿ.ಎಡ್, ಎಂ.ಪಿ.ಎಡ್ ಎರಡರಲ್ಲೂ ಕಿನೀಸಿಯಾಲಜಿ ಮತ್ತು ಬಯೋಮೆಕ್ಯಾನಿಕ್ಸ್ ಒಂದು ವಿಷಯ. ಸಹಪಾಠಿಗಳಲ್ಲಿ ಹಲವರು ಅದರಿಂದ ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ಭೌತಶಾಸ್ತ್ರ ಓದಿ ಬಂದಿದ್ದರಿಂದ ನನಗೆ ಅದು ಸಲೀಸಾಯಿತು. ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲ್ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿಗೆ ಹೇಳಿಕೊಡುತ್ತಿದ್ದೆ. ಪಾಠ ಮಾಡುವುದು ನನಗೆ ಬರುತ್ತದೆ ಎಂದು ತಿಳಿದದ್ದು ಅಲ್ಲಿ.

ಎಂ.ಪಿ.ಎಡ್ ಪ್ರಬಂಧಕ್ಕೆ ಕೊಕ್ಕೊ ಆಟಗಾರ್ತಿಯರ ಕಂಬದ ತಿರುವನ್ನೇ ಆರಿಸಿಕೊಂಡೆ. ಅಷ್ಟರಲ್ಲಿ 2020ರ ಲಾಕ್‌ಡೌನ್ ಬಂತು. ಪ್ರಯೋಗಾಲಯಕ್ಕೆ ಹೋಗುವ ದಾರಿ ಮುಚ್ಚಿತು. ಊರಿನ ಶಾಲಾ ಮೈದಾನದಲ್ಲಿ, ನಿರ್ಬಂಧ ಸಡಿಲವಾದ ಮೇಲೆ, ಟ್ರೈಪಾಡ್ ಬದಲು ಬಿದಿರಿನ ಗೂಟಕ್ಕೆ ಮೊಬೈಲ್ ಕಟ್ಟಿ ಸ್ಲೋಮೋಷನ್‌ನಲ್ಲಿ ಚಿತ್ರೀಕರಿಸಿದೆ. ಕಿನೋವಿಯಾ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಫ್ರೇಮನ್ನೂ ನಿಲ್ಲಿಸಿ ಮಂಡಿಯ ಕೋನ ಅಳೆದೆ. ಒಂದೇ ಕ್ಯಾಮೆರಾದಿಂದ ಸಿಗುವುದು ಚಪ್ಪಟೆ ಚಿತ್ರ, ತಿರುಚುವಿಕೆ ಅದರಲ್ಲಿ ಸರಿಯಾಗಿ ಸಿಗದು. ಆ ಮಿತಿಯನ್ನೂ ಪ್ರಬಂಧದಲ್ಲಿ ಬರೆದೆ. ಆದರೆ ಯಾರ ಮಂಡಿ ಒಳಕ್ಕೆ ವಾಲುತ್ತದೆ, ಸುಸ್ತಾದಾಗ ಯಾರದು ಹೆಚ್ಚು ವಾಲುತ್ತದೆ ಎಂದು ನೋಡಲು ಅಷ್ಟು ಸಾಕಿತ್ತು. ಹುಡುಗಿಯರು ತಮ್ಮದೇ ವಿಡಿಯೊ ನೋಡಿ, ನಾನು ಹೇಳುವ ಮೊದಲೇ 'ಅಕ್ಕ, ಇಲ್ಲಿ ನೋಡಿ, ಒಳಕ್ಕೆ ಹೋಗ್ತಾ ಇದೆ' ಎನ್ನುತ್ತಿದ್ದರು.

ಇಪ್ಪತ್ತು ನಿಮಿಷದ ವಾರ್ಮ್‌ಅಪ್

2021ರಿಂದ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಯುಜಿಸಿ ನೆಟ್‌ನಲ್ಲಿ ದೈಹಿಕ ಶಿಕ್ಷಣ ವಿಷಯ ಪಾಸಾಗಿದೆ. ಕಾಯಂ ನೇಮಕಾತಿ ಇನ್ನೂ ಆಗಿಲ್ಲ. ಸೆಮಿಸ್ಟರ್ ಮುಗಿದಾಗ ಸಂಬಳವೂ ನಿಲ್ಲುತ್ತದೆ, ಮುಂದಿನ ಸೆಮಿಸ್ಟರ್‌ಗೆ ಮತ್ತೆ ಅರ್ಜಿ ಹಾಕಬೇಕು. ಈ ಅನಿಶ್ಚಿತತೆಯನ್ನು ಮುಚ್ಚಿಟ್ಟು 'ಬನ್ನಿ, ಬನ್ನಿ' ಎಂದು ಕರೆದರೆ ನಿಮಗೆ ಅನ್ಯಾಯ ಮಾಡಿದಂತೆ. ರಜೆಯ ತಿಂಗಳುಗಳಲ್ಲಿ ಒಂದು ಅಕಾಡೆಮಿಯ ಮಕ್ಕಳಿಗೆ ಓಟ, ಜಿಗಿತದ ತಂತ್ರ ಹೇಳಿಕೊಟ್ಟು ಖರ್ಚು ತೂಗಿಸುತ್ತೇನೆ.

ಆದರೂ ಇದರಲ್ಲಿ ಉಳಿದಿರುವುದಕ್ಕೆ ಕಾರಣಗಳಿವೆ. ಎರಡು ವರ್ಷದ ಹಿಂದೆ ನಮ್ಮ ತಂಡದ ಕಬಡ್ಡಿ ರೈಡರ್ ಒಬ್ಬಳಿಗೆ ನನ್ನ ಹಾಗೇ ಎಸಿಎಲ್ ಹರಿಯಿತು. ಅವಳ ಅಪ್ಪ ಹಾಸ್ಟೆಲ್‌ಗೆ ಬಂದು ಟ್ರಂಕು ಕಟ್ಟಿಸುತ್ತಿದ್ದರು. 'ಓದೂ ಬೇಡ, ಆಟಾನೂ ಬೇಡ ಮೇಡಂ, ಕರ್ಕೊಂಡ್ ಹೋಗ್ತೀನಿ.' ನಾನು ಪ್ಯಾಂಟಿನ ಕಾಲು ಮಡಚಿ ನನ್ನ ಎಡಮಂಡಿಯ ಗಾಯದ ಗುರುತು ತೋರಿಸಿದೆ. ಅವರ ಮುಂದೆಯೇ ಒಂಟಿ ಕಾಲಲ್ಲಿ ಕುಕ್ಕರಿಸಿ ಎದ್ದೆ. ಆಪರೇಷನ್, ಆಮೇಲಿನ ವ್ಯಾಯಾಮ, ಕನಿಷ್ಠ ಒಂಬತ್ತು ತಿಂಗಳ ತಾಳ್ಮೆ ಎಲ್ಲವನ್ನೂ ಕಾಗದದ ಮೇಲೆ ತಿಂಗಳುವಾರು ಬರೆದು ಕೊಟ್ಟೆ. ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಇಳಿದವರಲ್ಲಿ ಮತ್ತೆ ಗಾಯವಾಗುವ ಸಂಭವ ಹೆಚ್ಚು ಎಂಬುದನ್ನೂ ಹೇಳಿದೆ. ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಟ್ರಂಕು ಹಾಸ್ಟೆಲ್‌ನಲ್ಲೇ ಉಳಿಯಿತು. ಹನ್ನೊಂದನೇ ತಿಂಗಳು ಅವಳು ಮ್ಯಾಟ್ ಮೇಲೆ ಇಳಿದಳು.

ಆಮೇಲೆ ನಮ್ಮಲ್ಲಿ ತಂಡದ ಅಭ್ಯಾಸಕ್ಕೆ ಮೊದಲು 20 ನಿಮಿಷದ ವಾರ್ಮ್‌ಅಪ್ ಶುರುಮಾಡಿದೆವು. ಫುಟ್‌ಬಾಲ್ ಆಟಗಾರರಿಗೆಂದು ರೂಪಿಸಿದ 'ಫಿಫಾ 11+' ಎಂಬ ಕಾರ್ಯಕ್ರಮವಿದೆ. ಮೂರು ಭಾಗ, 15 ವ್ಯಾಯಾಮ. ನಿಧಾನ ಓಟ, ಬಲ ಮತ್ತು ಸಮತೋಲನದ ವ್ಯಾಯಾಮ, ಕೊನೆಗೆ ವೇಗದ ಓಟ ಮತ್ತು ದಿಕ್ಕು ಬದಲಾವಣೆ. ಯಾವ ಯಂತ್ರವೂ ಬೇಡ. ಕ್ರಮವಾಗಿ ಮಾಡಿದ ತಂಡಗಳಲ್ಲಿ ಗಾಯಗಳು ಗಣನೀಯವಾಗಿ ಕಡಿಮೆಯಾಗಿರುವುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅದನ್ನೇ ಕಬಡ್ಡಿ, ಕೊಕ್ಕೊಗೆ ಹೊಂದಿಸಿಕೊಂಡಿದ್ದೇವೆ. ಒಬ್ಬರು ಪಾದ ಹಿಡಿದಿರುವಾಗ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ಬಾಗುವ ನಾರ್ಡಿಕ್ ವ್ಯಾಯಾಮವನ್ನು ಹುಡುಗರು ಮೊದಲು ನಗುತ್ತಾ ಮಾಡಿದರು, ಮರುದಿನ ತೊಡೆ ಹಿಡಿದುಕೊಂಡು ಓಡಾಡಿದರು. ತೊಡೆಯ ಹಿಂಭಾಗದ ಸ್ನಾಯು ಸೆಳೆತ ತಡೆಯಲು ಅದಕ್ಕಿಂತ ಒಳ್ಳೆಯ, ಖರ್ಚಿಲ್ಲದ ವ್ಯಾಯಾಮ ಸಿಗುವುದು ಕಷ್ಟ.

ನಮ್ಮ ಆಟಗಳಿಗೆ ಈ ಕಾಳಜಿ ಇನ್ನೂ ಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಮಣ್ಣಿನ ಅಂಕಣದಿಂದ ವಿಶ್ವಕಪ್ ಮ್ಯಾಟ್‌ವರೆಗೆ ಹೋಗಬಹುದು ಎಂದು ಈಗ ನಮ್ಮ ಹುಡುಗಿಯರಿಗೆ ಗೊತ್ತು. ಮಣ್ಣಿನಲ್ಲಿ ಪಾದ ತುಸು ಜಾರುತ್ತದೆ, ಶೂ ಹಾಕಿದ ಪಾದ ಮ್ಯಾಟ್ ಮೇಲೆ ಹೆಚ್ಚು ಕಚ್ಚುತ್ತದೆ. ಘರ್ಷಣೆ ಹೆಚ್ಚಿದಷ್ಟೂ ತಿರುವಿನಲ್ಲಿ ಮಂಡಿಗೆ ಬೀಳುವ ತಿರುಚು ಹೆಚ್ಚು. ಮಣ್ಣಿನಿಂದ ಮ್ಯಾಟ್‌ಗೆ ಹೋಗುವ ಮಕ್ಕಳಿಗೆ ತಿರುವುಗಳನ್ನು ಹೊಸದಾಗಿ, ನಿಧಾನವಾಗಿ ಕಲಿಸಬೇಕು. ಇದನ್ನು ಹೇಳಲು ತಾಲ್ಲೂಕಿಗೊಬ್ಬರಾದರೂ ಬೇಕಲ್ಲವೇ?

ಬರುವವರಿಗೆ ದಾರಿಗಳು

ಈ ಕ್ಷೇತ್ರಕ್ಕೆ ಬಾಗಿಲು ಒಂದೇ ಅಲ್ಲ. ಯಾವುದೇ ಪದವಿಯ ಜೊತೆ ಆಟದ ಹಿನ್ನೆಲೆ ಇದ್ದವರು ಎರಡು ವರ್ಷದ ಬಿ.ಪಿ.ಎಡ್, ಮತ್ತೆರಡು ವರ್ಷದ ಎಂ.ಪಿ.ಎಡ್ ಮಾಡಬಹುದು. ಬೆಂಗಳೂರು, ಕರ್ನಾಟಕ, ಮಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ದೈಹಿಕ ಶಿಕ್ಷಣದ ವಿಭಾಗಗಳಿವೆ. ಹೊರರಾಜ್ಯಕ್ಕೆ ಹೋಗಬಲ್ಲವರಿಗೆ ಗ್ವಾಲಿಯರ್‌ನ ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಸಂಸ್ಥೆ ಮತ್ತು ಚೆನ್ನೈನ ತಮಿಳುನಾಡು ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಶ್ವವಿದ್ಯಾಲಯ ಇವೆ. ತರಬೇತುದಾರರಾಗಬೇಕೆಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಇದೆ. ಕಾಲೇಜಿನಲ್ಲಿ ಪಾಠ ಮಾಡಲು ನೆಟ್ ಅಥವಾ ಕೆ–ಸೆಟ್ ಬೇಕು. ನೆಟ್‌ನ ದೈಹಿಕ ಶಿಕ್ಷಣ ಪಠ್ಯಕ್ರಮದಲ್ಲಿ ಬಯೋಮೆಕ್ಯಾನಿಕ್ಸ್ ಇದೆ. ಹಲವರು ಬಿಟ್ಟು ಹೋಗುವ ಆ ಭಾಗವನ್ನು ಗಟ್ಟಿ ಮಾಡಿಕೊಂಡರೆ ಅಂಕಗಳಿಗೆ ದಾರಿ.

ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರಿಗೆ ಫಿಸಿಯೊಥೆರಪಿ ಇದೆ. ಬಿಪಿಟಿ ನಂತರ ಎಂಪಿಟಿಯಲ್ಲಿ ಕ್ರೀಡಾ ವಿಭಾಗ ಆರಿಸಿಕೊಳ್ಳಬಹುದು. ಕೃತಕ ಕಾಲು, ಆಧಾರ ಪಟ್ಟಿಗಳನ್ನು ರೂಪಿಸುವ ಪ್ರಾಸ್ಥೆಟಿಕ್ಸ್ ಅಂಡ್ ಆರ್ಥೋಟಿಕ್ಸ್ ಪದವಿಯೂ ಇದೆ. 1968ರಲ್ಲಿ ರೂಪುಗೊಂಡ ಜೈಪುರ ಕಾಲು ಪದ್ಮಾಸನ ಹಾಕಿ ಕೂರುವ, ಬರಿಗಾಲಲ್ಲಿ ಗದ್ದೆಗಿಳಿಯುವ ನಮ್ಮ ಜನರ ಚಲನೆಗೆ ಹೊಂದುವಂತೆ ಬಂದದ್ದು. ಮೆಕ್ಯಾನಿಕಲ್ ಅಥವಾ ಬಯೋಮೆಡಿಕಲ್ ಎಂಜಿನಿಯರಿಂಗ್ ಓದುವವರು ಗೇಟ್ ಬರೆದು ಎಂ.ಟೆಕ್‌ನಲ್ಲಿ ಇತ್ತ ತಿರುಗಬಹುದು. ಮದ್ರಾಸ್ ಐಐಟಿಯಲ್ಲಿ ಕ್ರೀಡಾ ವಿಜ್ಞಾನಕ್ಕೂ, ಅಂಗವಿಕಲರ ಸಾಧನಗಳಿಗೂ ಪ್ರತ್ಯೇಕ ಕೇಂದ್ರಗಳಿವೆ.

ಯಾವ ಕೋರ್ಸೂ ಸೇರುವ ಮೊದಲು ಕಾಸಿಲ್ಲದೆ ಮಾಡಬಹುದಾದ ಕೆಲಸಗಳೂ ಇವೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಬಯೋಮೆಕ್ಯಾನಿಕ್ಸ್ ಪಾಠಗಳು ಉಚಿತವಾಗಿವೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಓಪನ್‌ಸಿಮ್ ಎಂಬ ಸಾಫ್ಟ್‌ವೇರ್‌ನಲ್ಲಿ ಸ್ನಾಯು, ಮೂಳೆಗಳ ಮಾದರಿ ಓಡಿಸಿ ನೋಡಬಹುದು, ಅದೂ ಉಚಿತ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆಯೇ, ಗೆಳೆಯ ಅಥವಾ ಗೆಳತಿಯೊಬ್ಬರನ್ನು ಎರಡು ಇಟ್ಟಿಗೆಯ ಎತ್ತರದಿಂದ ಇಳಿಯಲು ಹೇಳಿ. ಎದುರು ನಿಂತು ಮೊಬೈಲ್‌ನಲ್ಲಿ ಸ್ಲೋಮೋಷನ್ ವಿಡಿಯೊ ಮಾಡಿ. ಮಂಡಿ ಎರಡನೇ ಬೆರಳಿನ ನೇರಕ್ಕಿದೆಯೇ, ಒಳಕ್ಕೆ ವಾಲುತ್ತಿದೆಯೇ? ಇಳಿದಾಗ ಸದ್ದು ಜೋರೇ, ಮೆಲ್ಲಗೆಯೇ? ಹತ್ತು ಮಂದಿಯದು ನೋಡಿ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಆ ಪುಟ ಓದಿದಾಗ ನಿಮ್ಮಲ್ಲಿ ಪ್ರಶ್ನೆಗಳು ಹುಟ್ಟಿದರೆ, ಈ ವಿಷಯ ನಿಮ್ಮದಾಗಬಹುದು.